ಮಾದರಿ ಕಾರುಗಳ ಪುಕ್ಕಟೆ ಇ-ಪತ್ರಿಕೆ: ಮೊದಲ ಸಂಚಿಕೆ ಕಟ್ಟಿದ ಲಾಗ್

ಅಳತೆ ಮಾದರಿ ಕಾರು (ನಿಜದ ಕಾರನ್ನು ಅಳತೆಗೆ ತಕ್ಕಂತೆ ಚಿಕ್ಕದು ಮಾಡಿದ್ದು) ಸಂಗ್ರಹಿಸುವವರಿಗಾಗಿ ಕನ್ನಡದಲ್ಲಿ ಒಂದು ಪುಕ್ಕಟೆ ಪತ್ರಿಕೆ. ಮೊಬೈಲಿನಲ್ಲೇ ಓದುವಂಥದ್ದು. ಮೊದಲ ಸಂಚಿಕೆ ಈಗ ಮುಗಿದಿದೆ: 64 ಪುಟ, 38 ಫೋಟೊ, ಫೈಲು 13.6 ಎಂಬಿ. ಮಾಡುತ್ತಾ ಹೋದ ಹಾಗೆ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು ಇಲ್ಲಿ ಹಂತವಾರು ಜೋಡಿಸಿದ್ದೇನೆ. ಯಾವುದು ಕೈಕೊಟ್ಟಿತು, ಯಾವುದಕ್ಕೆ ಎಷ್ಟು ಖರ್ಚಾಯಿತು ಅನ್ನೋದೂ ಇದೆ. ಇಂಥದ್ದೇ ಕೆಲಸಕ್ಕೆ ಕೈಹಾಕುವವರಿಗೆ ಅಷ್ಟು ಸಮಯ ಉಳಿಯಲಿ.

ಶುರುವಿನಲ್ಲೇ ಎರಡು ವಿಷಯ ಗಟ್ಟಿ ಮಾಡಿಕೊಂಡೆವು. ಕೈಯಾರೆ ಅಳೆಯದ ಮಾದರಿಯನ್ನು ಹಾಕುವುದಿಲ್ಲ. ಓದುಗರು ಬೆರಳಲ್ಲಿ ಹಿಗ್ಗಿಸಿ ಓದಬೇಕಾದ ಪುಟವನ್ನು ಬಿಡುವುದಿಲ್ಲ.

ಹಂತ 1: ಅಳತೆ

ಸಾಮಾನು: ಎರಡು ದವಡೆ ನಡುವೆ ಹಿಡಿದು ಅಳೆಯುವ ಡಿಜಿಟಲ್ ವರ್ನಿಯರ್ (ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 450 ರೂಪಾಯಿ), ಮಾಸ್ಕಿಂಗ್ ಟೇಪ್, ಕ್ಯಾಲ್ಕುಲೇಟರ್.

ಮೂರು ಇಂಚಿನ ಕಾರುಗಳನ್ನೆಲ್ಲ ನಾವು ಸುಮ್ನೆ 1:64, ಅಂದರೆ ನಿಜದ ಕಾರಿನ 64ರಲ್ಲಿ ಒಂದು ಪಾಲು, ಅಂದುಬಿಡುತ್ತೇವೆ. ಆದರೆ ಮಾಡುವವರು ಪ್ಯಾಕಿಗೆ ಹೊಂದುವ ಹಾಗೆ ಮಾಡಿರುತ್ತಾರೆ. ಚಿಕ್ಕ ಕಾರು ಹಿಗ್ಗುತ್ತದೆ, ಬಸ್ಸು ಲಾರಿಗಳು ಕುಗ್ಗುತ್ತವೆ. ಲಂಡನ್ನಿನ ರೂಟ್‌ಮಾಸ್ಟರ್ ಬಸ್ಸಿನ ನಿಜವಾದ ಉದ್ದ 27 ಅಡಿ 6 ಇಂಚು, ಅಂದರೆ 8382 ಮಿ.ಮೀ. ನಮ್ಮ ಹತ್ತಿರ ಇದ್ದ ಮಾದರಿ 75 ಮಿ.ಮೀ. ಭಾಗಿಸಿದರೆ 1:112. ಇದರ ಪಕ್ಕದಲ್ಲಿ ಒಂದು ಕಾರು ಇಟ್ಟು ಫೋಟೊ ತೆಗೆದು, ಎರಡಕ್ಕೂ 1:64 ಅಂತ ಬರೆದರೆ ಓದುಗರಿಗೆ ಸುಳ್ಳು ಹೇಳಿದ ಹಾಗೆ.

ಮೊದಲು ಒಟ್ಟು ಉದ್ದ ಅಳೆದು ನೋಡಿದೆವು. ಸರಿಹೋಗಲಿಲ್ಲ. ಬಂಪರುಗಳನ್ನು ಆಟಿಕೆಗೆ ದಪ್ಪ ಮಾಡಿರುತ್ತಾರೆ, ಹಾಗಾಗಿ ಲೆಕ್ಕ ಒಂದೆರಡು ಅಂಕಿ ಅತ್ತಿತ್ತ ಆಗುತ್ತದೆ. ಆಮೇಲೆ ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ದೂರ, ಹಿಡಿದೆವು. ಮುಂದಿನ ಗಾಲಿಯ ಮುಂದಿನ ಅಂಚಿನಿಂದ ಹಿಂದಿನ ಗಾಲಿಯ ಮುಂದಿನ ಅಂಚಿನವರೆಗೆ ಅಳೆದರೆ ಸಾಕು, ಆಕ್ಸಲ್ ನಡುಬಿಂದು ಹುಡುಕುವ ಕಷ್ಟ ಇಲ್ಲ. ಹಿಂದಿನ ಗಾಲಿ ದೊಡ್ಡದಿದ್ದರೆ ಎರಡು ಗಾಲಿಗಳ ವ್ಯಾಸದ ವ್ಯತ್ಯಾಸದಲ್ಲಿ ಅರ್ಧ ಕೂಡಿಸಬೇಕು.

ವರ್ನಿಯರಿನ ಸ್ಟೀಲ್ ದವಡೆ ಬಣ್ಣಕ್ಕೆ ತಾಗಿದರೆ ಗೀರು ಗ್ಯಾರಂಟಿ. ಎರಡೂ ದವಡೆಗೆ ಟೇಪ್ ಹಚ್ಚಿ, ಹಚ್ಚಿದ ಮೇಲೆ ಮುಚ್ಚಿ ಸೊನ್ನೆ ಮಾಡಿಕೊಳ್ಳಿ. ಈ ಕೊನೆಯ ಕೆಲಸ ಬಿಟ್ಟರೆ ಟೇಪಿನ ದಪ್ಪ ಪ್ರತಿ ಅಳತೆಗೂ ಸೇರಿಕೊಳ್ಳುತ್ತದೆ.

ಸಂಚಿಕೆಗೆ ಬಂದ ಕೆಲವು ಲೆಕ್ಕ:

ಫೋಕ್ಸ್‌ವ್ಯಾಗನ್ ಬೀಟಲ್: ನಿಜದ ವೀಲ್‌ಬೇಸ್ 2400 ಮಿ.ಮೀ., ಮಾದರಿ 37.4. ಅಳತೆ 1:64. ಇದು ಹೇಳಿದ ಮಾತಿಗೆ ತಕ್ಕ ಹಾಗೆ ಇದೆ.
ಹಳೆಯ ಮಿನಿ: 2036, ಮಾದರಿ 36.5. ಅಳತೆ 1:56.
ಅಂಬಾಸಿಡರ್: 2464, ಮಾದರಿ 57.2. ಅಳತೆ 1:43.
ಮಾರುತಿ 800, ಎರಡನೆಯ ಆಕಾರದ್ದು: 2175, ಹಿಂದಕ್ಕೆ ಎಳೆದು ಬಿಡುವ ಪ್ಲಾಸ್ಟಿಕ್ ಮಾದರಿ 63. ಅಳತೆ 1:34 ಅಥವಾ 1:35.

1:43 ಅನ್ನೋ ವಿಚಿತ್ರ ಸಂಖ್ಯೆ ಬಂದದ್ದು ಓ ಗೇಜ್ ಆಟಿಕೆ ರೈಲುಗಳಿಂದ. ಬ್ರಿಟನ್ನಿನಲ್ಲಿ ಒಂದು ಅಡಿಗೆ 7 ಮಿ.ಮೀ. ಲೆಕ್ಕ ಇತ್ತು, 304.8 ಅನ್ನು 7ರಿಂದ ಭಾಗಿಸಿದರೆ 43.5. ಇಷ್ಟನ್ನು ಒಂದು ಚೌಕದಲ್ಲಿ ಹಾಕಿ ಮುಂದೆ ಹೋದೆವು.

ಹಂತ 2: ಲೈಟ್ ಬಾಕ್ಸ್

ಸಾಮಾನು: 45 ಸೆಂ.ಮೀ. ರಟ್ಟಿನ ಡಬ್ಬ, ಟ್ರೇಸಿಂಗ್ ಪೇಪರ್ ಮತ್ತು ಬಿಳಿ, ಕಪ್ಪು ಚಾರ್ಟ್ (ಒಟ್ಟು 140), 6500ಕೆ (ಹಗಲಿನಂಥ ಬಿಳಿ ಬೆಳಕಿನ) ಎಲ್‌ಇಡಿ ಬಲ್ಬ್ ಎರಡು ಹೋಲ್ಡರ್ ಸಮೇತ (300), ಬೂದು ಬಣ್ಣದ ಕಾರ್ಡ್ (250).

ಡಬ್ಬದ ಎರಡು ಪಕ್ಕ ಮತ್ತು ಮೇಲ್ಭಾಗದಲ್ಲಿ 5 ಸೆಂ.ಮೀ. ಅಂಚು ಬಿಟ್ಟು ಕಿಟಕಿ ಕತ್ತರಿಸಿ, ಟ್ರೇಸಿಂಗ್ ಪೇಪರ್ ಅಂಟಿಸಿದೆವು. ಒಳಗೆ ಬಿಳಿ ಚಾರ್ಟನ್ನು ಮಡಿಕೆ ಬೀಳದಂತೆ ಬಾಗಿಸಿ ಇಟ್ಟರೆ ಹಿನ್ನೆಲೆಯಲ್ಲಿ ಗೆರೆ ಕಾಣುವುದಿಲ್ಲ.

ಮೊದಲ ಫೋಟೊಗಳನ್ನು ಪೂರ್ತಿ ಅಳಿಸಬೇಕಾಯಿತು. ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಕಿಟಕಿಯೂ ತೆರೆದಿತ್ತು. ಬಿಳಿ ಅಂಬಾಸಿಡರಿನ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಸಿರು ಹಳದಿ. ಬೇರೆ ಪತ್ರಿಕೆಗಾದರೆ ಇದು ಸಣ್ಣ ವಿಷಯ ಇರಬಹುದು. ನಮ್ಮವರು ಬಣ್ಣದ ಛಾಯೆ ನೋಡಿ ಇದು ಯಾವ ಬ್ಯಾಚಿನದು ಅಂತ ವಾದ ಮಾಡುವವರು. ಬಣ್ಣ ತಪ್ಪಿದರೆ ಫೋಟೊ ಇದ್ದೂ ಇಲ್ಲದ ಹಾಗೆ. ಕಿಟಕಿ ಮುಚ್ಚಿ, ಬೇರೆ ದೀಪ ಆರಿಸಿ, ಪ್ರತಿ ಮಾದರಿಗೂ ಮೊದಲು ಬೂದು ಕಾರ್ಡ್ ಇಟ್ಟು ಒಂದು ಫೋಟೊ ತೆಗೆದು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ) ಹೊಂದಿಸಿಕೊಂಡ ಮೇಲೆ ಸರಿಯಾಯಿತು.

ಎರಡನೆಯ ತೊಂದರೆ ಪಟ್ಟೆ. 1/200 ಸೆಕೆಂಡಿನಲ್ಲಿ ತೆಗೆದ ಫೋಟೊಗಳಲ್ಲಿ ಅಡ್ಡ ಅಡ್ಡ ಮಸುಕು ಪಟ್ಟೆ ಬಂತು. ಅಗ್ಗದ ಎಲ್‌ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿಗೆ ಮಿನುಗುತ್ತಲೇ ಇರುತ್ತದೆ. 1/50ಕ್ಕೆ ಇಳಿಸಿದಾಗ ಹೋಯಿತು. ಟ್ರೈಪಾಡ್ ಇದ್ದರೆ 1/10ಕ್ಕೆ ಇಳಿಸಿ, ನೆಮ್ಮದಿ.

ಮೂರನೆಯದು ಹೊಳಪು. ಟ್ರೇಸಿಂಗ್ ಪೇಪರನ್ನು ಎರಡು ತುಂಡು ಸೇರಿಸಿ ಅಂಟಿಸಿದ್ದೆವು. ಕಪ್ಪು ಕಾರಿನ ಛಾವಣಿಯ ಮೇಲೆ ಆ ಜೋಡಣೆ ಬಿರುಕಿನ ಹಾಗೆ ಕಂಡಿತು. ಓದುಗರು ಅದನ್ನು ಬಣ್ಣದ ದೋಷ ಅಂದುಕೊಳ್ಳುತ್ತಾರೆ. ಮೇಲ್ಭಾಗಕ್ಕೆ ಒಂದೇ ಹಾಳೆ ಹಾಕಿ. ಬಿಳಿ ಮತ್ತು ಬೆಳ್ಳಿ ಬಣ್ಣದ ಕಾರುಗಳು ಬಿಳಿ ಹಿನ್ನೆಲೆಯಲ್ಲಿ ಕರಗಿ ಹೋಗುತ್ತವೆ. ಅವಕ್ಕೆ ಎರಡೂ ಪಕ್ಕ 3 ಸೆಂ.ಮೀ. ಅಗಲದ ಕಪ್ಪು ಚಾರ್ಟಿನ ಪಟ್ಟಿ ನಿಲ್ಲಿಸಿದರೆ ಅಂಚಿಗೆ ತೆಳುವಾದ ಕಪ್ಪು ಗೆರೆ ಬರುತ್ತದೆ, ಆಕಾರ ಎದ್ದು ನಿಲ್ಲುತ್ತದೆ.

ಹಂತ 3: ಫೋಟೊ

ಇಲ್ಲಿಯೇ ಜಾಸ್ತಿ ಸಮಯ ಹೋಯಿತು. ಹೋಗಬೇಕಾದದ್ದೂ ಇಲ್ಲಿಯೇ.

ಮೇಲಿಂದ ತೆಗೆದರೆ ಯಾವ ಕಾರೂ ಆಟಿಕೆಯೇ. ರಸ್ತೆಯಲ್ಲಿ ನಿಂತು ಕಾರು ನೋಡುವವರ ಕಣ್ಣು ನೆಲದಿಂದ ಹೆಚ್ಚುಕಮ್ಮಿ 1600 ಮಿ.ಮೀ. ಎತ್ತರದಲ್ಲಿರುತ್ತದೆ. ಅದನ್ನೂ ಅಳತೆಗೆ ಇಳಿಸಬೇಕು. 1:64ಕ್ಕೆ 25 ಮಿ.ಮೀ., 1:43ಕ್ಕೆ 37 ಮಿ.ಮೀ. ಲೆನ್ಸಿನ ನಡುಬಿಂದು ಮೇಜಿನಿಂದ ಇಷ್ಟೇ ಎತ್ತರದಲ್ಲಿರಬೇಕು. ನಮ್ಮ ಟ್ರೈಪಾಡ್ ಅಷ್ಟು ಕೆಳಗೆ ಬರಲಿಲ್ಲ. ಕಾರನ್ನೇ ಎತ್ತರದ ಹಲಗೆ ಮೇಲೆ, ಮೇಜಿನ ಅಂಚಿಗೆ ಇಟ್ಟು, ಕ್ಯಾಮೆರಾವನ್ನು ಅಂಚಿನಾಚೆ ಕೆಳಗೆ ನಿಲ್ಲಿಸಿದೆವು. ಅದೇ ಬೀಟಲ್, ಅದೇ ಬೆಳಕು. ಆದರೂ ಈ ಫೋಟೊ ನೋಡಿದವರು ನಿಜವಾದ ಕಾರು ಅಂದುಕೊಂಡು ನಂಬರ್ ಪ್ಲೇಟ್ ಹುಡುಕಿದರು.

ಮೊಬೈಲಿನಲ್ಲಿ ತೆಗೆಯುವವರಿಗೆ ಒಂದು ಮಾತು. 10 ಸೆಂ.ಮೀ. ಹತ್ತಿರ ಹೋಗಿ ತೆಗೆದರೆ ಬಂಪರ್ ಊದಿಕೊಂಡು, ಹಿಂಭಾಗ ಚಿಕ್ಕದಾಗುತ್ತದೆ. 40 ಸೆಂ.ಮೀ. ದೂರ ಬನ್ನಿ, ಮೊಬೈಲಿನಲ್ಲಿರುವ ಎರಡು ಅಥವಾ ಮೂರು ಪಟ್ಟಿನ ಲೆನ್ಸ್ ಬಳಸಿ. ಕ್ಯಾಮೆರಾ ಆದರೆ ಮಾಮೂಲಿ 18-55 ಲೆನ್ಸನ್ನು 55ಕ್ಕೆ ಇಟ್ಟರೆ ಸಾಕು. ನಾವು ಹೊಸ ಲೆನ್ಸ್ ಕೊಳ್ಳಲಿಲ್ಲ.

ಫೋಕಸ್: ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಬಂಪರ್ ಚೂಪಾಗಿದ್ದರೆ ಹಿಂದಿನ ಗಾಲಿ ಮಸುಕು. ಎಫ್ 22ಕ್ಕೆ ಹೋದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಾಗಾಗಿ ಫೋಕಸ್ಸನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಒಂದೇ ಜಾಗದಿಂದ ಎಂಟು ಹತ್ತು ಫೋಟೊ ತೆಗೆದು, ಹ್ಯೂಗಿನ್ ಜೊತೆ ಬರುವ ಸಾಧನದಿಂದ ಸಾಲಾಗಿ ಕೂರಿಸಿ, ಎನ್‌ಫ್ಯೂಸ್‌ನಲ್ಲಿ ಒಂದು ಮಾಡಿದೆವು. ಎರಡೂ ಪುಕ್ಕಟೆ ಸಾಫ್ಟ್‌ವೇರ್. ಫೋಕಸ್ ಹೆಜ್ಜೆ ದೊಡ್ಡದಾದರೆ ಕನ್ನಡಿ ಮತ್ತು ವೈಪರ್ ಸುತ್ತ ಮಂಜಿನ ಗೆರೆ ಬರುತ್ತದೆ. ಹೆಜ್ಜೆ ಚಿಕ್ಕದು ಮಾಡಿ ಮತ್ತೆ ತೆಗೆಯುವುದೇ ದಾರಿ. ಕಂಪ್ಯೂಟರಿನಲ್ಲಿ ತಿದ್ದಲು ಕೂತರೆ ಸುಮ್ನೆ ಕಾಲ ಹೋಗುತ್ತದೆ.

ಧೂಳು: ಕಣ್ಣಿಗೆ ಕಾಣದ ನೂಲಿನ ಎಳೆ 1:64ರ ಬಾನೆಟ್ ಮೇಲೆ ಹಗ್ಗದಷ್ಟು ದಪ್ಪ ಕಾಣುತ್ತದೆ. ಗಾಳಿ ಪಂಪು ಮತ್ತು ಮೆತ್ತನೆ ಮೇಕಪ್ ಬ್ರಷ್ (ಎರಡೂ ಸೇರಿ 220). ಬಟ್ಟೆ ಬೇಡ, ಟ್ಯಾಂಪೊ ಅಚ್ಚು (ಕಾರಿನ ಮೇಲೆ ಮೆತ್ತನೆ ಪ್ಯಾಡಿನಿಂದ ಒತ್ತಿದ ಅಕ್ಷರ, ಚಿತ್ರ) ಸವೆಯುತ್ತದೆ. ಕಾರು ಉರುಳದಿರಲು ಹಿಂದಿನ ಗಾಲಿಯ ಒಳಗಡೆ ಸಾಸಿವೆ ಕಾಳಿನಷ್ಟು ಬ್ಲೂ ಟ್ಯಾಕ್ ಅಂಟು (100).

ತಳದ ಅಕ್ಷರಗಳಿಗೆ ಬೇರೆಯದೇ ಬೆಳಕು ಬೇಕು. ಈ ಸಂಚಿಕೆಯ ಮುಖ್ಯ ಲೇಖನ ನಿಕಿ ಟಾಯ್ಸ್ ಬಗ್ಗೆ. ಬ್ರಿಟನ್ನಿನ ಡಿಂಕಿ ಕಂಪನಿಯ ಹಳೆ ಅಚ್ಚುಗಳು ಕಲ್ಕತ್ತಾಕ್ಕೆ ಬಂದು, ಅವುಗಳಿಂದ ಇಲ್ಲೇ ಎರಕ ಹೊಯ್ದ ಕಾರುಗಳವು. ನಮ್ಮ ದೇಶದ ಡೈಕಾಸ್ಟ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸಂಗತಿ ಇದ್ದ ಮೇಲೆ ಅದು ಕನ್ನಡದಲ್ಲಿ ಓದಲು ಸಿಗಬೇಕಲ್ವಾ. ಈ ಪತ್ರಿಕೆ ಬೇಕು ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ. ಆ ಕಾರುಗಳನ್ನು ಗುರುತಿಸುವುದೇ ತಳದ ಬರಹದಿಂದ. ಲೈಟ್ ಬಾಕ್ಸಿನಲ್ಲಿ ಇಟ್ಟರೆ ಬೆಳಕು ಎಲ್ಲ ಕಡೆಯಿಂದ ಬಿದ್ದು ಅಕ್ಷರ ಮಾಯ. ಡಬ್ಬದಿಂದ ಹೊರಗೆ ತೆಗೆದು, ಕೋಣೆ ಕತ್ತಲು ಮಾಡಿ, ಒಂದೇ ಟಾರ್ಚನ್ನು ತಳಕ್ಕೆ ಹೆಚ್ಚುಕಮ್ಮಿ ಮಟ್ಟವಾಗಿ, 10 ಡಿಗ್ರಿಯಷ್ಟೇ ಎತ್ತಿ ಹಿಡಿದಾಗ ಪ್ರತಿ ಅಕ್ಷರಕ್ಕೂ ನೆರಳು ಬಂತು. ಸವೆದ ಅಕ್ಷರವೂ ಓದುವ ಹಾಗಾಯಿತು.

ಹಂತ 4: ರಿಪೇರಿ ಪುಟ

ದಾವಣಗೆರೆಯ ಗೆಳೆಯರೊಬ್ಬರು ಬಣ್ಣ ಎದ್ದ, ಆಕ್ಸಲ್ ಬಾಗಿದ ಮೂರು ಇಂಚಿನ ಜೀಪು ಕಳಿಸಿದರು. ಪುಟಕ್ಕೆ ಬೇಕಾದಷ್ಟೇ ಮಾಡಿದೆವು.

ಬಿಚ್ಚುವ ಮೊದಲು ಬಿರುಕು ನೋಡಬೇಕು. ಸಣ್ಣ ಬಿರುಕಿನ ಜಾಲ, ಊದಿದ ಬಾಗಿಲು ಇದ್ದರೆ ಕಾರಿನ ಮೈ ಎರಕ ಹೊಯ್ದ ಸತುವೇ ಒಳಗಿನಿಂದ ಹಾಳಾಗಿದೆ ಅಂತ. ಅಂಥದ್ದನ್ನು ಮುಟ್ಟಬಾರದು, ಕೈಯಲ್ಲೇ ಪುಡಿಯಾಗುತ್ತದೆ. ಜೀಪು ಚೆನ್ನಾಗಿತ್ತು.

ರಿವೆಟ್ (ತಳವನ್ನು ಮೈಗೆ ಹಿಡಿದಿಡುವ ಮೊಳೆ) ತೆಗೆಯುವ ಕ್ರಮ: ನಡುವೆ ಪಂಚಿನಿಂದ ಗುಳಿ, 1.6 ಮಿ.ಮೀ. ಬಿಟ್‌ನಿಂದ 5 ಮಿ.ಮೀ. ಆಳ, ಆಮೇಲೆ 4 ಮಿ.ಮೀ. ಬಿಟ್‌ನಿಂದ ರಿವೆಟ್ ತಲೆ. ತಲೆ ಉಂಗುರವಾಗಿ ಬಿಟ್ಟುಕೊಂಡ ಕೂಡಲೇ ನಿಲ್ಲಿಸಿ. ಈಗ ಅದೇ ತೂತಿಗೆ ಎಂ2 ಟ್ಯಾಪ್ (2 ಮಿ.ಮೀ. ಸ್ಕ್ರೂಗೆ ಎಳೆ ಕೊರೆಯುವ ಸಾಧನ) ಹಾಕಿದರೆ ಸ್ಕ್ರೂ ಕೂರುತ್ತದೆ (ಬಿಟ್, ಟ್ಯಾಪ್, ಸ್ಕ್ರೂ ಎಲ್ಲ ಸೇರಿ 380). ರಿವೆಟ್ ಇರುವ ಕಂಬ ಎರಡು; ಮುಂದಿನ ಕಂಬದಲ್ಲಿ ಟ್ಯಾಪ್ ಮುರಿಯಿತು. ಸತುವಿನಲ್ಲಿ ಸಿಕ್ಕಿದ ಸ್ಟೀಲ್ ತುಂಡು ಕೊರೆಯಲು ಬರುವುದಿಲ್ಲ. ಅದನ್ನು ಒಳಗೇ ಬಿಟ್ಟು ಆ ಕಡೆಗೆ ಒಂದು ಹನಿ ಅರಾಲ್ಡೈಟ್ ಹಾಕಿದೆವು. ಹಿಂದಿನ ಕಂಬಕ್ಕೆ ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋದಾಗ ಸಲೀಸಾಗಿ ಇಳಿಯಿತು.

ಬಣ್ಣ ಕೀಳಲು ಪೇಂಟ್ ರಿಮೂವರ್ ಜೆಲ್, ಹಳೆ ಟೂತ್ ಬ್ರಷ್, ಬಿಸಿನೀರು, ಕೈಗೆ ಗ್ಲೌಸ್. ಕಾಸ್ಟಿಕ್ ಸೋಡಾ ಬೇಡವೇ ಬೇಡ, ಅದು ಸತುವನ್ನೇ ತಿಂದು ಕಪ್ಪು ಮಾಡುತ್ತದೆ. ಆಮೇಲೆ 25 ಸೆಂ.ಮೀ. ದೂರದಿಂದ ಪ್ರೈಮರ್ ತೆಳುವಾಗಿ ಎರಡು ಕೈ, ಬಣ್ಣ ಮೂರು ಕೈ. ರಿಮೂವರ್, ಪ್ರೈಮರ್, ಬಣ್ಣ ಸೇರಿ 690.

ಪ್ರತಿ ಹಂತದ ಫೋಟೊವೂ ಒಂದೇ ಕೋನದಿಂದ ಬರಬೇಕು. ಹಲಗೆ ಮೇಲೆ ನಾಲ್ಕೂ ಗಾಲಿ ಕೂರುವ ಜಾಗಕ್ಕೆ ಟೇಪಿನ ಗುರುತು ಹಾಕಿಕೊಂಡದ್ದು ಇದಕ್ಕೆ.

ನಿಕಿ ಕಾರುಗಳಿಗೆ ಇದ್ಯಾವುದನ್ನೂ ಮಾಡಲಿಲ್ಲ. ಬಣ್ಣ ಎದ್ದಿದ್ದರೂ ಅದು ಮೂಲ ಬಣ್ಣ. ಅದನ್ನು ಕಿತ್ತರೆ ಮತ್ತೆ ಬರುವುದಿಲ್ಲ.

ಹಂತ 5: ಬರಹ

ಲೇಖನಗಳಲ್ಲಿ ಅರ್ಧದಷ್ಟು ಯೂನಿಕೋಡ್‌ನಲ್ಲಿ, ಉಳಿದವು ಹಳೆ ನುಡಿ ಫಾಂಟಿನಲ್ಲಿ ಬಂದವು. ಹಳೆ ನುಡಿಯ ಫೈಲನ್ನು ಪರಿವರ್ತಕಕ್ಕೆ ಹಾಕಿದರೆ ಕನ್ನಡ ಸರಿಯಾಗುತ್ತದೆ. ಆದರೆ ನಡುವೆ ಇಂಗ್ಲಿಷ್‌ನಲ್ಲಿದ್ದ ಕಂಪನಿ ಹೆಸರು, ಮಾಡೆಲ್ ಹೆಸರುಗಳನ್ನೂ ಅದು ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ನಮ್ಮ ಲೇಖನಗಳಲ್ಲಿ ಸಾಲಿಗೊಂದು ಅಂಥ ಹೆಸರು. ಮೂಲ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಹೆಸರನ್ನೂ ಕನ್ನಡ ಲಿಪಿಯಲ್ಲಿ ಹೊಸದಾಗಿ ಟೈಪ್ ಮಾಡಿದೆವು.

ಇನ್ನೊಂದು ಕಾಟ. ಪರಿವರ್ತನೆಯಾದ ಮೇಲೆ ಹಾಟ್‌ವೀಲ್ಸ್ ಹೋಗಿ ಹಾಟ್ವೀಲ್ಸ್ ಆಗಿತ್ತು, ಮ್ಯಾಚ್‌ಬಾಕ್ಸ್ ಹೋಗಿ ಮ್ಯಾಚ್ಬಾಕ್ಸ್. ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತು ಇರಬೇಕು, ಇಲ್ಲದಿದ್ದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಇಳಿಯುತ್ತದೆ. ಇಂಥ ಹೆಸರುಗಳ ಪಟ್ಟಿ ಮಾಡಿ, ಒಂದೇ ಸಲಕ್ಕೆ ಹುಡುಕಿ ಬದಲಿಸಿದೆವು. ಆ ಪಟ್ಟಿ ಮುಂದಿನ ಸಂಚಿಕೆಗೂ ಬೇಕಾಗುತ್ತದೆ, ಜೋಪಾನವಾಗಿ ಇಟ್ಟಿದ್ದೇವೆ.

ಹಂತ 6: ಪುಟ

ಮೊದಲು ಎ4 ಅಳತೆ, ಎರಡು ಕಾಲಂ, 11 ಪಾಯಿಂಟ್ ಅಕ್ಷರ. ಲ್ಯಾಪ್‌ಟಾಪಿನಲ್ಲಿ ಬಲು ಚಂದ. ಮೊಬೈಲಿಗೆ ಹಾಕಿದಾಗ ಓದಲಿಕ್ಕೇ ಆಗಲಿಲ್ಲ. ಮೊಬೈಲ್ ಪರದೆಯ ಅಗಲ 68 ಮಿ.ಮೀ. 210 ಮಿ.ಮೀ. ಅಗಲದ ಪುಟ ಅದರಲ್ಲಿ ಕೂತಾಗ 11 ಪಾಯಿಂಟ್ ಅಕ್ಷರ ಮೂರೂವರೆ ಪಾಯಿಂಟ್ ಆಗುತ್ತದೆ. ಎ5ಕ್ಕೆ ಇಳಿಸಿ 12 ಪಾಯಿಂಟ್ ಮಾಡಿದರೂ ಐದೂವರೆ. ಕೊನೆಗೆ ಪುಟವನ್ನೇ ಮೊಬೈಲಿನ ಆಕಾರಕ್ಕೆ ತಂದೆವು: 108 × 192 ಮಿ.ಮೀ., ಒಂದೇ ಕಾಲಂ, 14 ಪಾಯಿಂಟ್. ಕೈಯಲ್ಲಿ ಅದು 8.8 ಪಾಯಿಂಟ್ ಆಗಿ ಕಾಣುತ್ತದೆ. ಕನ್ನಡಕದವರೂ ಓದಿದರು.

ಸಾಲಿನ ಅಂತರ ಮೊದಲು 17 ಪಾಯಿಂಟ್ ಇತ್ತು. ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗಿದವು. 21 ಮಾಡಿದ ಮೇಲೆ ಉಸಿರಾಡಲು ಜಾಗ ಆಯಿತು. ಎರಡೂ ಅಂಚು ಸಮ ಮಾಡುವ ಆಸೆ ಬಿಡಬೇಕು. ನಮ್ಮ ಉದ್ದುದ್ದ ಪದಗಳಿಗೆ ಕಿರಿದಾದ ಕಾಲಂನಲ್ಲಿ ನಡುನಡುವೆ ದೊಡ್ಡ ಖಾಲಿ ಬೀಳುತ್ತದೆ. ಎಡ ಅಂಚು ಮಾತ್ರ ಸಮ ಇಟ್ಟೆವು.

ಪುಟ ಕಟ್ಟಲು ಸ್ಕ್ರೈಬಸ್ ಸಾಫ್ಟ್‌ವೇರ್ ಬಳಸುವವರು 1.4 ಆವೃತ್ತಿ ಬಿಡಿ. ಅದರಲ್ಲಿ ಒತ್ತಕ್ಷರ ಒಡೆಯುತ್ತದೆ. 1.6ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಫಾಂಟುಗಳು: ಒಳಬರಹಕ್ಕೆ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ 2. ಎರಡೂ ಮುಕ್ತ ಪರವಾನಗಿಯವು, ಫೈಲಿನೊಳಗೆ ಸೇರಿಸಲು ತಕರಾರಿಲ್ಲ.

ಹಂತ 7: ಪಿಡಿಎಫ್

ಮೊದಲ ಫೈಲು 220 ಎಂಬಿ. ಕ್ಯಾಮೆರಾದಿಂದ ಬಂದ 6000 ಪಿಕ್ಸೆಲ್ ಫೋಟೊಗಳು ಹಾಗೇ ಒಳಗೆ ಕೂತಿದ್ದವು. ಪಿಡಿಎಫ್ ಚಿಕ್ಕದು ಮಾಡುವ ಘೋಸ್ಟ್‌ಸ್ಕ್ರಿಪ್ಟ್ ಸಾಫ್ಟ್‌ವೇರಿನ ಇ-ಪುಸ್ತಕದ ಸೆಟ್ಟಿಂಗ್‌ನಲ್ಲಿ ಹಿಂಡಿದಾಗ ಚಿಕ್ಕದೇನೋ ಆಯಿತು, ಆದರೆ ಇಂಚಿಗೆ 150 ಅಂದರೆ ನಮ್ಮ ಪುಟದ ಅಗಲಕ್ಕೆ ಬರೀ 638 ಪಿಕ್ಸೆಲ್. ಟ್ಯಾಂಪೊ ಅಚ್ಚಿನ ಅಕ್ಷರ ನೋಡಲು ಹಿಗ್ಗಿಸಿದರೆ ಮಸಿ ಚೆಲ್ಲಿದ ಹಾಗೆ. ಪುಟ ಓದಲು ಹಿಗ್ಗಿಸಬಾರದು, ಆದರೆ ಕಾರು ನೋಡಲು ಹಿಗ್ಗಿಸಿಯೇ ಹಿಗ್ಗಿಸುತ್ತಾರೆ. ಫೋಟೊಗಳನ್ನು ಪುಟಕ್ಕೆ ಹಾಕುವ ಮೊದಲೇ 1440 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಜೆಪಿಜಿ ಗುಣಮಟ್ಟ 80 ಇಟ್ಟಾಗ ಒಂದೊಂದೂ 330 ಕೆಬಿ ಆಸುಪಾಸಿಗೆ ಬಂತು. ಒಟ್ಟು 13.6 ಎಂಬಿ. ಡೇಟಾ ಕಡಿಮೆ ಇರುವವರೂ ವಾಟ್ಸಾಪಿನಲ್ಲಿ ಇಳಿಸಿಕೊಳ್ಳಬಹುದು.

ಫೋಟೊ ಜೊತೆಗೆ ತೆಗೆದ ಜಾಗದ ವಿವರವೂ ಫೈಲಿನೊಳಗೆ ಇರಬಹುದು. ಮೊಬೈಲಿನಲ್ಲಿ ತೆಗೆದು ಕಳಿಸಿದವರ ಮನೆ ಎಲ್ಲಿದೆ ಅಂತ ಅದರಿಂದ ತಿಳಿಯುತ್ತದೆ. ಬೆಲೆ ಬಾಳುವ ಸಂಗ್ರಹ ಇರುವವರಿಗೆ ಇದು ಸಣ್ಣ ಮಾತಲ್ಲ. ಎಕ್ಸಿಫ್‌ಟೂಲ್‌ನಿಂದ ಎಲ್ಲ ಫೋಟೊಗಳ ವಿವರ ಅಳಿಸಿದ ಮೇಲೆಯೇ ಪುಟಕ್ಕೆ ಹಾಕಿದೆವು.

ಇನ್ನೂ ಸರಿಯಾಗದ ಒಂದು ತೊಂದರೆ ಇದೆ. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರ ಹಿಂದುಮುಂದಾಗುತ್ತದೆ. ಅರ್ಕಾವತ್ತು ಇರುವ ಪದಗಳಂತೂ ಹುಡುಕಿದರೆ ಸಿಗುವುದಿಲ್ಲ. ನಮ್ಮ ವಿಷಯದ ಮುಖ್ಯ ಪದವಾದ ಕಾರು ಸಿಗುತ್ತದೆ, ಟರ್ಬೊ ಸಿಗುವುದಿಲ್ಲ. ಸದ್ಯಕ್ಕೆ ಜೊತೆಗೆ ಒಂದು ಇ-ಪಬ್ (ಇ-ಪುಸ್ತಕದ ಫೈಲು) ಕೂಡ ಮಾಡಿದ್ದೇವೆ. ಅದರಲ್ಲಿ ಹುಡುಕಾಟ ನಡೆಯುತ್ತದೆ, ದೃಷ್ಟಿ ಇಲ್ಲದವರ ಮೊಬೈಲ್ ಅದನ್ನು ಓದಿ ಹೇಳುತ್ತದೆ.

ಹಂತ 8: ಲೆಕ್ಕ ಮತ್ತು ಬಿಡುಗಡೆ

ಒಟ್ಟು ಖರ್ಚು 2530 ರೂಪಾಯಿ. ಕ್ಯಾಮೆರಾ, ಟ್ರೈಪಾಡ್, ಲ್ಯಾಪ್‌ಟಾಪ್ ಮೊದಲೇ ಇದ್ದವು. ಸಾಫ್ಟ್‌ವೇರಿಗೆ ಒಂದು ಪೈಸೆಯೂ ಇಲ್ಲ. ಕಂಪನಿಗಳ ಕ್ಯಾಟಲಾಗ್ ಚಿತ್ರ ಒಂದನ್ನೂ ಬಳಸಿಲ್ಲ. ಎಲ್ಲವೂ ಸಂಗ್ರಹಕಾರರೇ ತೆಗೆದವು, ಎಲ್ಲರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದಿದ್ದೇವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದಾಗಿದೆ. ಫೈಲಿನ ಹೆಸರಿನಲ್ಲೇ ವರ್ಷ ಮತ್ತು ಸಂಚಿಕೆ ಸಂಖ್ಯೆ ಇದೆ, ಯಾರು ಯಾರಿಗೆ ಕಳಿಸಿದರೂ ಗುರುತು ತಪ್ಪುವುದಿಲ್ಲ.

ಎರಡನೆಯ ಸಂಚಿಕೆ ಪ್ರೀಮಿಯರ್ ಪದ್ಮಿನಿಯದ್ದು. ನಿಜದ ವೀಲ್‌ಬೇಸ್ 2340 ಮಿ.ಮೀ. 1:43 ಅಂತ ಮಾರಿದ ಮಾದರಿ ನಿಮ್ಮ ಹತ್ತಿರ ಇದ್ದರೆ 54.4 ಬರಬೇಕು. ದವಡೆಗೆ ಟೇಪ್ ಹಚ್ಚಿ, ಸೊನ್ನೆ ಮಾಡಿ, ಅಳೆದು ಕಳಿಸಿ. ತಳದ ಫೋಟೊ ಟಾರ್ಚ್ ಬೆಳಕಿನಲ್ಲಿ.